ಉದ್ದ ಕಾಲಿಗೆ ಒಗ್ಗಿದ ಸ್ಕ್ವಾಟ್

ನನ್ನ ಎತ್ತರ 6 ಅಡಿ 3 ಅಂಗುಲ. ತೀರ್ಥಹಳ್ಳಿ ಕಡೆಯ ಹಳೆಯ ಮನೆಯ ಬಾಗಿಲುಗಳಿಗೆ ತಲೆ ಬಡಿದುಕೊಂಡೇ ಬೆಳೆದವನು. ಶಿವಮೊಗ್ಗದ ಜಿಮ್‌ನಲ್ಲಿ ಬಾರ್ಬೆಲ್ (ಭಾರ ಸಿಕ್ಕಿಸಿದ ಉದ್ದ ಸರಳು) ಹೆಗಲಿಗೇರಿಸಿ ಸ್ಕ್ವಾಟ್ (ಮಂಡಿ ಮಡಿಸಿ ಕೂತು ಏಳುವ ವ್ಯಾಯಾಮ) ಮಾಡಿದಾಗಲೆಲ್ಲ ಎದೆ ನೆಲ ನೋಡುತ್ತಿತ್ತು, ಸೊಂಟ ಹಿಡಿದುಕೊಳ್ಳುತ್ತಿತ್ತು. ತೊಡೆಗೆ ಮಾತ್ರ ಏನೂ ಆಗುತ್ತಿರಲಿಲ್ಲ. ‘ಬೆನ್ನು ನೆಟ್ಟಗಿಡು’ ಎಂದು ಎಲ್ಲರೂ ಹೇಳುವವರೇ.

ಗೆಳೆಯನೊಬ್ಬ ಪಕ್ಕದಿಂದ ವಿಡಿಯೊ ತೆಗೆದ ಮೇಲೆ ಕಂಡಿತು: ತಪ್ಪು ಬೆನ್ನಿನದಲ್ಲ, ತೊಡೆಮೂಳೆಯ ಉದ್ದದ್ದು. ಮುಂಡಕ್ಕೆ ಹೋಲಿಸಿದರೆ ತೊಡೆ ಉದ್ದವಿದ್ದಾಗ ಕೂರುವಾಗ ಸೊಂಟ ಬಹಳ ಹಿಂದೆ ಸರಿಯುತ್ತದೆ. ಭಾರ ಪಾದದ ನಡುವೆ ನಿಲ್ಲಬೇಕಾದರೆ ಎದೆ ಬಾಗಲೇಬೇಕು. ಮಂಡಿ ಮುಂದೆ ಹೋದಷ್ಟೂ ಬಾಗುವುದು ಕಡಿಮೆ. ಅದಕ್ಕೇ, ಮಂಡಿ ಸಲೀಸಾಗಿ ಮುಂದೆ ಹೋಗಲೆಂದು, ಹಿಮ್ಮಡಿಯಡಿ ಒಂದಂಗುಲ ದಪ್ಪದ ಆಸರೆ ಇಟ್ಟೆ. ಮೊದಲು ತಂದ ಅಡಿಕೆ ದಬ್ಬೆ ಜಾರಿತು, ಹಲಸಿನ ಹಲಗೆ ನಿಂತಿತು. ಬಾರ್ಬೆಲ್ ಬಿಟ್ಟು ಡಂಬೆಲ್ ಎದೆಗವಚಿ ಕೂತೆ. ಮೊದಲ ಬಾರಿಗೆ ತೊಡೆ ಉರಿಯಿತು.

ಆದರೆ ನಿಜವಾಗಿ ಕೈಹಿಡಿದದ್ದು ಹಿಂಗಾಲನ್ನು ಬೆಂಚಿನ ಮೇಲಿಟ್ಟು ಮಾಡುವ ಬಲ್ಗೇರಿಯನ್ ಸ್ಪ್ಲಿಟ್ ಸ್ಕ್ವಾಟ್. ಎರಡೂ ಕೈಯಲ್ಲಿ 12 ಕೆಜಿಯ ಡಂಬೆಲ್, ಕಾಲಿಗೆ 8 ಸಲ, ಮೂರು ಸುತ್ತು. ಮೊದಲ ದಿನ ಗೋಡೆ ಹಿಡಿದು ಮೆಟ್ಟಿಲಿಳಿದೆ. ಕೂತು ಕಾಲಿನಿಂದ ಭಾರ ತಳ್ಳುವ ಯಂತ್ರ ಲೆಗ್ ಪ್ರೆಸ್ ನನಗೆ ಆಗಲಿಲ್ಲ. ಆಸನ ಎಷ್ಟು ಹಿಂದೆ ಸರಿಸಿದರೂ ಮಂಡಿ ಎದೆಗೆ ಬಂದು ಸೊಂಟ ಏಳುತ್ತದೆ.

ಮೂರು ತಿಂಗಳಾಯಿತು. ಸೊಂಟದ ತಕರಾರಿಲ್ಲ, ಪ್ಯಾಂಟು ಮಾತ್ರ ತೊಡೆಯಲ್ಲಿ ಬಿಗಿ.