ಶಾಲೆಯಂಗಳದ ಸುಧಾರಣೆ: ಪುಟ್ಟ ಮಕ್ಕಳೊಡನೆ ಯೋಜನೆ ರೂಪಿಸುವ ಬಗೆ

ಮಂಡ್ಯ ಜಿಲ್ಲೆಯ ಹಳ್ಳಿಶಾಲೆಗಳಲ್ಲಿ ಅಂಗಳ ಸರಿಪಡಿಸಲು ಹೊರಟಾಗ ಒಂದರಿಂದ ಮೂರನೆಯ ತರಗತಿಯ ಮಕ್ಕಳನ್ನೂ ಯೋಜನೆಯಲ್ಲಿ ಸೇರಿಸಿಕೊಳ್ಳಬೇಕು. ಆ ನೆಲದ ಮೇಲೆ ದಿನವೂ ಓಡಾಡಿ ಬೀಳುವವರು ಅವರೇ. ‘ನಿಮಗೇನು ಬೇಕು?’ ಎಂದು ನೇರವಾಗಿ ಕೇಳಿದರೆ ಜಾರುಬಂಡೆ, ಉಯ್ಯಾಲೆ ಎಂಬಷ್ಟಕ್ಕೇ ಮಾತು ನಿಲ್ಲಬಹುದು. ಅದರ ಬದಲು ನಾಲ್ಕೈದು ಮಕ್ಕಳ ಗುಂಪುಗಳನ್ನು ಅಂಗಳದಲ್ಲಿ ಸುತ್ತಾಡಿಸಿ, ಇಷ್ಟದ ಜಾಗದಲ್ಲಿ ಹೂವನ್ನೂ ಹೋಗಲು ಹಿಂಜರಿಯುವ ಜಾಗದಲ್ಲಿ ಕಲ್ಲನ್ನೂ ಇಡಲು ಹೇಳಿ, ಕಲ್ಲಿಟ್ಟಲ್ಲೆಲ್ಲ ಅವರ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು ಕಾರಣ ಕೇಳಬೇಕು. ಬಿಸಿಯೂಟದ ತಟ್ಟೆ ತೊಳೆಯುವ ನಲ್ಲಿಯ ಬಳಿ ಕಾಲು ಜಾರುವ ಪಾಚಿ, ಶೌಚಾಲಯದ ದಾರಿಯ ಮುಳ್ಳುಗಿಡ, ಕೈಗೆಟುಕದ ಚಿಲಕ ಇಂಥವು ದೊಡ್ಡವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.

ಬಳಿಕ ಬೆಳಿಗ್ಗೆ, ನಡುಮಧ್ಯಾಹ್ನ ಮತ್ತು ಶಾಲೆ ಬಿಡುವ ಹೊತ್ತಿಗೆ ನೆರಳಿನ ಅಂಚನ್ನು ರಂಗೋಲಿ ಪುಡಿಯಲ್ಲಿ ಬರೆಸಿದರೆ, ಹೊಂಗೆ, ಬೇವು, ನೇರಳೆ ಸಸಿಗಳು ಎಲ್ಲಿರಬೇಕೆಂಬುದನ್ನು ಮಕ್ಕಳೇ ತೋರಿಸುತ್ತಾರೆ. ಸಸಿ ನೆಡುವುದನ್ನು ಜೂನ್ ಮಳೆಗೆ ಹೊಂದಿಸಿ. ಬೇಸಿಗೆ ರಜೆಯಲ್ಲಿ ನೀರುಣಿಸುವವರು ಯಾರೆಂಬುದನ್ನು ನೆಡುವ ಮುನ್ನವೇ ತೀರ್ಮಾನಿಸಿ. ತಟ್ಟೆ ತೊಳೆದ ನೀರನ್ನು ಬಾಳೆಯ ಪಾತಿಗೆ ಹರಿಸಬಹುದು.

ರಟ್ಟು, ಬೆಂಕಿಪೊಟ್ಟಣ, ಕಡ್ಡಿಗಳಿಂದ ಮಾದರಿ ಮಾಡಿಸಿ, ಅದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೂ ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲೂ ಮಕ್ಕಳೇ ವಿವರಿಸುವಂತೆ ಮಾಡಬೇಕು. ಯಾವ ಬೇಡಿಕೆ ಈ ವರ್ಷ ಆಗದು, ಏಕೆ ಆಗದು ಎಂಬುದನ್ನು ಅವರಿಗೆ ಮುಚ್ಚುಮರೆಯಿಲ್ಲದೆ ಹೇಳಿ, ಸುಲಭದ ಒಂದು ಕೆಲಸವನ್ನಾದರೂ ಅದೇ ತಿಂಗಳು ಮಾಡಿ ಮುಗಿಸಬೇಕು.