ಯುಕಾನ್ ಗೆಲ್ತಾನೇ ಇದ್ರೂ ರೇಟಿಂಗ್ ಯಾಕೆ ಮೇಲೆ ಹೋಗ್ಲಿಲ್ಲ? ನಾನೇ ಲೆಕ್ಕ ಹಾಕಿ ನೋಡಿದ್ದು

ನಾವಿರೋದು ಅಮೆರಿಕದ ಕನೆಕ್ಟಿಕಟ್‌ನಲ್ಲಿ, ಇಲ್ಲಿ ಚಳಿಗಾಲ ಬಂತಂದ್ರೆ ಮನೆಮನೇಲೂ ಯುಕಾನ್ (ಕನೆಕ್ಟಿಕಟ್ ಯೂನಿವರ್ಸಿಟಿ) ಹುಡುಗೀರ ಬ್ಯಾಸ್ಕೆಟ್‌ಬಾಲ್ ಮಾತೇ. 2024-25ರ ಸೀಸನ್‌ನಲ್ಲಿ ಮಗಳು ಕೇಳಿದ್ಲು, "ಅಪ್ಪಾ, ಬಿಗ್ ಈಸ್ಟಲ್ಲಿ ನಮ್ಮೋರು ಒಂದೂ ಸೋತಿಲ್ಲ, ಆದ್ರೂ ರೇಟಿಂಗಲ್ಲಿ ಯಾಕೆ ಮೇಲಕ್ಕೆ ಹೋಗ್ತಿಲ್ಲ?" ಬಿಗ್ ಈಸ್ಟ್ ಅಂದ್ರೆ ಯುಕಾನ್ ಇರೋ ಕಾನ್ಫರೆನ್ಸ್, ಹೆಚ್ಚಿನ ಮ್ಯಾಚ್ ತಮ್ಮತಮ್ಮಲ್ಲೇ ಆಡೋ ಕಾಲೇಜ್ ಟೀಮ್‌ಗಳ ಗುಂಪು. ನನಗೂ ಸರಿಯಾಗಿ ಗೊತ್ತಿರ್ಲಿಲ್ಲ, ಅದಕ್ಕೆ ಎಕ್ಸೆಲ್ ತೆಗೆದು ಕೂತೆ.

ಮೊದ್ಲು ಆರ್‌ಪಿಐ ಅನ್ನೋ ಹಳೇ ರೇಟಿಂಗ್ ಮಾಡ್ದೆ, ಕಾಲೇಜ್ ಆಟಗಳನ್ನ ನಡೆಸೋ ಎನ್‌ಸಿಎಎ ಹೆಂಗಸರ ಆಟಕ್ಕೆ 2020-21ರಲ್ಲಿ ನೆಟ್ ಅನ್ನೋ ಹೊಸ ರೇಟಿಂಗ್ ತರೋವರೆಗೂ ಇದ್ದದ್ದು ಅದೇ. ನಿಮ್ಮ ಗೆಲುವಿನ ಪ್ರಮಾಣಕ್ಕೆ 25 ಪರ್ಸೆಂಟ್, ಎದುರಾಳಿಗಳ ಗೆಲುವಿಗೆ 50, ಅವರ ಎದುರಾಳಿಗಳ ಗೆಲುವಿಗೆ 25. ಒಂದು ಟೀಮ್ 18ಕ್ಕೆ 18 ಗೆದ್ದಿದೆ ಅನ್ಕೊಳ್ಳಿ, ಎದುರಾಳಿಗಳ ಗೆಲುವಿನ ಪ್ರಮಾಣ 0.400 (ಅಂದ್ರೆ 40 ಪರ್ಸೆಂಟ್), ಅವರ ಎದುರಾಳಿಗಳು 0.500, ಒಟ್ಟು 0.575 ಬರುತ್ತೆ. ಇನ್ನೊಂದು ಟೀಮ್ 13 ಗೆದ್ದು 5 ಸೋತಿದೆ, ಆದ್ರೆ ಎದುರಾಳಿಗಳು 0.650, ಅವರ ಎದುರಾಳಿಗಳು 0.550, ಅದಕ್ಕೆ 0.643. ಐದು ಸಲ ಸೋತೋರು ಒಂದೂ ಸೋಲದೋರಿಗಿಂತ ಮೇಲೆ! ಇದನ್ನ ನೋಡಿ ಮಗಳಿಗೆ ಸಿಟ್ಟೇ ಬಂತು.

ನನಗೆ ನಿಜವಾಗ್ಲೂ ವಿಷಯ ಅರ್ಥ ಆಗಿದ್ದು ಜನವರಿ ತಿಂಗಳ ಕಾಲಂ ತುಂಬುವಾಗ, ಆಗ ಹೆಚ್ಚಾಗಿ ಕಾನ್ಫರೆನ್ಸ್ ಒಳಗಿನ ಮ್ಯಾಚೇ. ಕಾನ್ಫರೆನ್ಸ್ ಒಳಗಿನ ಪ್ರತಿ ಮ್ಯಾಚಲ್ಲೂ ಒಬ್ರು ಗೆದ್ರೆ ಒಬ್ರು ಸೋಲ್ಲೇಬೇಕು, ಹಾಗಾಗಿ ಬಿಗ್ ಈಸ್ಟ್ ಒಳಗೆ ಯಾರು ಯಾರನ್ನ ಹೊಡೆದ್ರೂ ಒಟ್ಟು ಲೆಕ್ಕ ಅರ್ಧಕ್ಕರ್ಧನೇ, ಎಸ್‌ಇಸಿ, ಬಿಗ್ ಟೆನ್ ಥರದ ಬೇರೆ ಕಾನ್ಫರೆನ್ಸ್‌ಗಳಲ್ಲೂ ಅಷ್ಟೇ. ಅಂದ್ರೆ ಯಾವ ಕಾನ್ಫರೆನ್ಸ್ ಎಷ್ಟು ಗಟ್ಟಿ ಅನ್ನೋದು ಹೆಚ್ಚುಕಮ್ಮಿ ನವೆಂಬರ್, ಡಿಸೆಂಬರಲ್ಲೇ, ಹೊರಗಿನ ಟೀಮ್‌ಗಳ ಜೊತೆ ಆಡಿದ ಆ ಕೆಲವೇ ಮ್ಯಾಚಲ್ಲೇ ತೀರ್ಮಾನ ಆಗಿಬಿಡುತ್ತೆ. ಯುಕಾನ್ ಫೆಬ್ರವರೀಲೂ ಎಸ್‌ಇಸಿಯ ಟೆನೆಸ್ಸಿಗೆ, ಸೌತ್ ಕ್ಯಾರೊಲಿನಾಕ್ಕೆ ಹೋಗಿ ಆಡೋದರ ಬೆಲೆ ಏನು ಅಂತ ಆಗ ಗೊತ್ತಾಯ್ತು.

ಆಮೇಲೆ ಪಾಯಿಂಟ್ ಅಂತರದ ರೇಟಿಂಗ್ ಮಾಡ್ದೆ. ಟೀಮಿನ ರೇಟಿಂಗ್ ಅಂದ್ರೆ ಅದರ ಸರಾಸರಿ ಗೆಲುವಿನ ಅಂತರ ಪ್ಲಸ್ ಎದುರಾಳಿಗಳ ಸರಾಸರಿ ರೇಟಿಂಗ್. ಎದುರಾಳಿ ರೇಟಿಂಗೂ ಹಿಂಗೇ ಬರ್ಬೇಕಲ್ಲ, ಅದಕ್ಕೆ ಎಲ್ಲರಿಗೂ ಸೊನ್ನೆ ಕೊಟ್ಟು ಶುರುಮಾಡಿ, ನಂಬರ್ ಅಲ್ಲಾಡೋದು ನಿಲ್ಲೋವರೆಗೂ ಮತ್ತೆಮತ್ತೆ ಓಡಿಸ್ಬೇಕು. ಕೆಳಗಿನ ದರ್ಜೆಯ ಡಿವಿಷನ್ 2, 3ರ ಟೀಮ್‌ಗಳ ಮೇಲಿನ ಮ್ಯಾಚ್‌ಗಳನ್ನ ತೆಗೀದೆ ಬಿಟ್ಟಿದ್ದೆ, ಶೀಟೆಲ್ಲಾ ಕೆಟ್ಟೋಯ್ತು, ಒಂದು ಶನಿವಾರ ಪೂರ್ತಿ ಅದನ್ನ ಹುಡುಕೋದ್ರಲ್ಲೇ ಹೋಯ್ತು.

ಇನ್ನೊಂದು ತಪ್ಪೂ ಮಾಡಿದ್ದೆ. ದುರ್ಬಲ ಟೀಮನ್ನ 60 ಪಾಯಿಂಟಲ್ಲಿ ಹೊಡೆದು ರೇಟಿಂಗ್ ಏರಿಸ್ಕೊಬಾರ್ದು ಅಂತ ಅಂತರಕ್ಕೆ 20ರ ಮಿತಿ ಹಾಕಿದ್ದೆ. ಫೆಬ್ರವರಿ 16ಕ್ಕೆ ಯುಕಾನ್ ಸೌತ್ ಕ್ಯಾರೊಲಿನಾನ ಅವರ ಅಂಗಳದಲ್ಲೇ 87-58ರಲ್ಲಿ ಸೋಲಿಸ್ತು, ಅವರು ಅಲ್ಲಿ ಸತತವಾಗಿ 71 ಮ್ಯಾಚ್ ಗೆದ್ದಿದ್ರು. ಅಂಥಾ 29ರ ಗೆಲುವನ್ನೂ ನನ್ನ ಶೀಟು 20 ಅಂತ ಕತ್ತರಿಸ್ಬಿಡ್ತು. ಅವತ್ತು ರಾತ್ರಿನೇ ಬದಲಾಯಿಸ್ದೆ, 20ರ ಮೇಲಿನ ಪಾಯಿಂಟಿಗೆ ಅರ್ಧ ಬೆಲೆ, 29 ಅಂದ್ರೆ 24.5.

ಮಾರ್ಚಲ್ಲಿ ಎನ್‌ಸಿಎಎ ಟೂರ್ನಮೆಂಟಿಗೆ ಆಯ್ಕೆಯಾದ ಟೀಮ್‌ಗಳ ಪಟ್ಟಿ ಬಂತು. ಬಿಗ್ ಟೆನ್‌ನಿಂದ 12 ಟೀಮ್, ಬಿಗ್ ಈಸ್ಟಿಂದ ಯುಕಾನ್, ಕ್ರೈಟನ್ ಎರಡೇ. 31 ಗೆದ್ದು 3 ಮಾತ್ರ ಸೋತ ಯುಕಾನ್‌ಗೆ ಎರಡನೇ ಸೀಡ್, ಅಂದ್ರೆ ನಾಲ್ಕು ಗುಂಪಲ್ಲಿ ತನ್ನ ಗುಂಪಿನ ಎರಡನೇ ಸ್ಥಾನ. ಆ ಮೂರೂ ಸೋಲು ನೋಟರ್ ಡೇಮ್, ಯುಎಸ್‌ಸಿ, ಟೆನೆಸ್ಸಿ ಕೈಲಿ, ಅಂದ್ರೆ ಹೊರಗಿನವರ ಕೈಲೇ. ಕಾನ್ಫರೆನ್ಸ್ ನೋಡಿ ಸೀಡ್ ಕೊಟ್ರು ಅಂತ ನನಗೆ ಈಗ್ಲೂ ಅನ್ಸುತ್ತೆ. ಟಾಂಪಾದಲ್ಲಿ ಅದೇ ಟೀಮು, ಎಲ್ಲರಿಗಿಂತ ಮೇಲೆ ಸೀಡ್ ಆಗಿದ್ದ ಯುಸಿಎಲ್‌ಎನ ಸೆಮಿಫೈನಲ್‌ನಲ್ಲಿ 85-51ರಲ್ಲಿ, ಫೈನಲ್‌ನಲ್ಲಿ ಸೌತ್ ಕ್ಯಾರೊಲಿನಾನ 82-59ರಲ್ಲಿ ಸೋಲಿಸಿ 12ನೇ ಸಲ ಚಾಂಪಿಯನ್ ಆಯ್ತು.

ಈಗ ನವೆಂಬರ್ ಬಂದ್ರೆ ಊಟ ಆದ್ಮೇಲೆ ನಾನೂ ಮಗಳೂ ಕೂತು ಬಿಗ್ ಈಸ್ಟಿನ ಉಳಿದ ಹತ್ತು ಟೀಮಿನ ಸ್ಕೋರ್ ತುಂಬ್ತೀವಿ. ಜೇವಿಯರ್ ಹೊರಗಡೆ ಒಂದು ಮ್ಯಾಚ್ ಗೆದ್ರೂ ಅವಳು ಚಪ್ಪಾಳೆ ಹೊಡೀತಾಳೆ, ಜನವರೀಲಿ ಅವರನ್ನೇ ಸೋಲಿಸ್ಬೇಕಲ್ಲಾ ಅಂತ.