ಅತಿಥಿ ಡೀಸೆಲ್ ಎಂಜಿನ್‌ಗಳ ವಾರಾಂತ್ಯ: ಸೆವರ್ನ್ ಕಣಿವೆಯ ಗಾಲಾಕ್ಕೆ ಹೋಗುವುದು ಹೇಗೆ?

ಬ್ರಿಟನ್ನಿನ ಹಲವು ಪಾರಂಪರಿಕ ರೈಲು ಮಾರ್ಗಗಳು ವರ್ಷದಲ್ಲಿ ಒಂದು ವಾರಾಂತ್ಯವನ್ನಾದರೂ ಡೀಸೆಲ್ ಎಂಜಿನ್‌ಗಳಿಗೆಂದೇ ಮೀಸಲಿಡುತ್ತವೆ. ಉಳಿದ ದಿನಗಳಲ್ಲಿ ಉಗಿ ಎಂಜಿನ್‌ಗಳೇ ಮೆರೆಯುವ ಹಳಿಗಳ ಮೇಲೆ ಆಗ ಮುಖ್ಯವಾಗಿ 1950 ಮತ್ತು 1960ರ ದಶಕಗಳ ಡೀಸೆಲ್ ಎಂಜಿನ್‌ಗಳು ಬೆಳಗಿನಿಂದ ಸಂಜೆಯವರೆಗೆ ಗಾಡಿ ಎಳೆಯುತ್ತವೆ. ಇದನ್ನೇ ಗಾಲಾ ಎನ್ನುತ್ತಾರೆ. ಮಾರ್ಗದ ಸ್ವಂತ ಎಂಜಿನ್‌ಗಳ ಜೊತೆಗೆ ಬೇರೆ ಮಾರ್ಗಗಳಿಂದ ಮತ್ತು ಸಂರಕ್ಷಣಾ ಸಂಘಗಳಿಂದ ಕರೆಸಿಕೊಂಡ ಅತಿಥಿ ಎಂಜಿನ್‌ಗಳೂ ಅಲ್ಲಿರುತ್ತವೆ. ಆಸಕ್ತರು ದೂರದ ಊರುಗಳಿಂದ ಬರುವುದು ಹೆಚ್ಚಾಗಿ ಈ ಅತಿಥಿಗಳ ಸಲುವಾಗಿಯೇ. ಇಂಗ್ಲೆಂಡಿನಲ್ಲಿ ನೆಲೆಸಿರುವ ಅಥವಾ ಮಕ್ಕಳ ಮನೆಗೆಂದು ಬೇಸಿಗೆಯಲ್ಲಿ ಅಲ್ಲಿಗೆ ಹೋಗುವ ರೈಲುಪ್ರಿಯ ಕನ್ನಡಿಗರಿಗೆ ಇದು ಕೈಗೆಟುಕುವ ಸಂತೋಷ. ಬರ್ಮಿಂಗ್‌ಹ್ಯಾಮ್‌ಗೆ ಹತ್ತಿರವಿರುವ ಸೆವರ್ನ್ ವ್ಯಾಲಿ ರೈಲ್ವೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು, ಅಂಥ ವಾರಾಂತ್ಯಕ್ಕೆ ಹೇಗೆ ಸಿದ್ಧರಾಗಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಎಲ್ಲಕ್ಕಿಂತ ಮೊದಲು ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇಂಥ ಮಾರ್ಗಗಳಲ್ಲಿ ಗಾಡಿಗಳ ವೇಗದ ಮಿತಿ ಸಾಮಾನ್ಯವಾಗಿ ಗಂಟೆಗೆ 25 ಮೈಲಿ, ಅಂದರೆ ಸುಮಾರು 40 ಕಿಲೋಮೀಟರ್. ಗಂಟೆಗೆ 100 ಮೈಲಿ ವೇಗದಲ್ಲಿ ಎಕ್ಸ್‌ಪ್ರೆಸ್ ಗಾಡಿಗಳನ್ನು ಎಳೆಯಲೆಂದೇ ಕಟ್ಟಿದ ಎಂಜಿನ್‌ಗೆ ಇಲ್ಲಿ ಪೂರ್ತಿ ಬಲ ಹಾಕುವ ಅವಕಾಶ ಸಿಗುವುದು ನಿಲ್ದಾಣ ಬಿಟ್ಟು ಹೊರಡುವ ಕೆಲವು ಕ್ಷಣಗಳಲ್ಲಿ ಮತ್ತು ಏರು ಹತ್ತುವ ಕೆಲವು ಮೈಲಿಗಳಲ್ಲಿ ಮಾತ್ರ. ಉಳಿದ ಹೊತ್ತು ಅದು ಸದ್ದಡಗಿಸಿಕೊಂಡು ಉರುಳುತ್ತದೆ. ಆದ್ದರಿಂದ ಎಷ್ಟು ಎಂಜಿನ್ ನೋಡಿದಿರಿ ಎಂಬುದಕ್ಕಿಂತ, ಎಂಜಿನ್ ದುಡಿಯುವ ಆ ಜಾಗಗಳಲ್ಲಿ ನೀವು ಅದರ ಹಿಂದೆಯೇ ಕುಳಿತಿದ್ದಿರೋ ಇಲ್ಲವೋ ಎಂಬುದೇ ದಿನದ ಸಾರ್ಥಕತೆಯನ್ನು ನಿರ್ಧರಿಸುತ್ತದೆ. ಮುಂದಿನ ಸಲಹೆಗಳೆಲ್ಲವೂ ಇದನ್ನು ಆಧರಿಸಿಯೇ ಇವೆ.

ಮಾರ್ಗದ ಪರಿಚಯ

ಸೆವರ್ನ್ ವ್ಯಾಲಿ ರೈಲ್ವೆ ವೂಸ್ಟರ್‌ಶೈರಿನ ಕಿಡರ್‌ಮಿನ್‌ಸ್ಟರ್‌ನಿಂದ ಶ್ರಾಪ್‌ಶೈರಿನ ಬ್ರಿಜ್‌ನಾರ್ತ್‌ವರೆಗೆ 16 ಮೈಲಿ ಉದ್ದವಿದೆ. 1862ರಲ್ಲಿ ತೆರೆದ ಸೆವರ್ನ್ ಕಣಿವೆಯ ಮಾರ್ಗದಲ್ಲಿ ನೇರ ಪ್ರಯಾಣಿಕ ಗಾಡಿಗಳು 1963ರಲ್ಲಿ ನಿಂತುಹೋದವು. ಆಸಕ್ತರು 1965ರಲ್ಲಿ ಸಂಘ ಕಟ್ಟಿ, 1970ರಲ್ಲಿ ಬ್ರಿಜ್‌ನಾರ್ತ್ ಮತ್ತು ಹ್ಯಾಂಪ್ಟನ್ ಲೋಡ್ ನಡುವೆ ಮತ್ತೆ ಗಾಡಿ ಓಡಿಸಿದರು. 1984ರಲ್ಲಿ ಅವರ ಗಾಡಿಗಳು ಕಿಡರ್‌ಮಿನ್‌ಸ್ಟರ್ ತಲುಪಿದವು. ಆರ್ಲಿ ಬಳಿ ಸೆವರ್ನ್ ನದಿಯನ್ನು ಒಂದೇ ಕಮಾನಿನಲ್ಲಿ ದಾಟುವ, 200 ಅಡಿ ಹರವಿನ ಎರಕದ ಕಬ್ಬಿಣದ ವಿಕ್ಟೋರಿಯಾ ಸೇತುವೆ ಈ ಮಾರ್ಗದ ಹೆಮ್ಮೆ. ಡೀಸೆಲ್‌ಪ್ರಿಯರಿಗೆ ಅದಕ್ಕಿಂತ ಮುಖ್ಯವಾದದ್ದು 2016ರಲ್ಲಿ ಕಿಡರ್‌ಮಿನ್‌ಸ್ಟರ್‌ನಲ್ಲಿ ತೆರೆದ ಡೀಸೆಲ್ ಶೆಡ್. ಡೀಸೆಲ್ ಉತ್ಸವ ಸಾಮಾನ್ಯವಾಗಿ ಮೇ ತಿಂಗಳಲ್ಲಿ ನಡೆಯುತ್ತದೆ. 2025ರ ಜನವರಿ ಕೊನೆಯಲ್ಲಿ ಹ್ಯಾಂಪ್ಟನ್ ಲೋಡ್ ಹಾಗೂ ಬ್ರಿಜ್‌ನಾರ್ತ್ ನಡುವೆ ಹಳಿಯ ಏರಿ ಕುಸಿದು, ಆ ಭಾಗದಲ್ಲಿ ಸಂಚಾರವನ್ನು ನಿಲ್ಲಿಸಬೇಕಾಗಿ ಬಂದಿತ್ತು. ಹಳೆಯ ಮಾರ್ಗಗಳಲ್ಲಿ ಇಂಥದ್ದು ನಡೆಯುವುದುಂಟಾದ್ದರಿಂದ, ನೀವು ಹೋಗುವ ವಾರಾಂತ್ಯದಲ್ಲಿ ಗಾಡಿ ಎಲ್ಲಿಂದ ಎಲ್ಲಿಯವರೆಗೆ ಓಡುತ್ತದೆ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಮೊದಲ ಹೆಜ್ಜೆ: ಯಾರು ಬರುತ್ತಿದ್ದಾರೆಂದು ತಿಳಿಯುವುದು

ಅತಿಥಿಗಳ ಹೆಸರನ್ನು ರೈಲ್ವೆಯವರು ಒಂದೊಂದಾಗಿ, ವಾರಗಳ ಅಂತರದಲ್ಲಿ ಪ್ರಕಟಿಸುತ್ತಾರೆ. ಪಟ್ಟಿ ಓದುವಾಗ ಸಂಖ್ಯೆಗಳ ಲೆಕ್ಕ ಗೊತ್ತಿರಬೇಕು. 1970ರ ದಶಕದ ಆರಂಭದವರೆಗೆ ಡೀಸೆಲ್ ಎಂಜಿನ್‌ಗಳ ಸಂಖ್ಯೆ ‘ಡಿ’ ಅಕ್ಷರದಿಂದ ಶುರುವಾಗುತ್ತಿತ್ತು. ಆಮೇಲೆ ಕಂಪ್ಯೂಟರ್ ವ್ಯವಸ್ಥೆ ಬಂದಾಗ, ಮೊದಲ ಎರಡು ಅಂಕಿಗಳು ಎಂಜಿನ್ನಿನ ವರ್ಗವನ್ನು ಸೂಚಿಸುವ ಐದಂಕಿಯ ಸಂಖ್ಯೆ ಬಂದಿತು. ಹೀಗಾಗಿ ಡಿ9009 ಮತ್ತು 55009 ಎರಡೂ ಒಂದೇ ಎಂಜಿನ್. ಯಾವ ಕಾಲದ ಬಣ್ಣ ಬಳಿದಿದ್ದಾರೆ ಎಂಬುದರ ಮೇಲೆ ಅದರ ಮೈಮೇಲಿನ ಸಂಖ್ಯೆ ಬದಲಾಗುತ್ತದೆ.

ಪಟ್ಟಿಯಲ್ಲಿ 55ನೇ ವರ್ಗದ ‘ಡೆಲ್ಟಿಕ್’ ಕಂಡರೆ ಮರುಯೋಚನೆ ಮಾಡದೆ ಹೊರಡಿ ಎಂದೇ ಹೇಳುತ್ತೇನೆ. ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿ 1961-62ರಲ್ಲಿ ಇಂಥ 22 ಎಂಜಿನ್‌ಗಳನ್ನು ಕಟ್ಟಿತು. ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಎಡಿನ್‌ಬರೋಗೆ ಹೋಗುವ ವೇಗದ ಗಾಡಿಗಳನ್ನು ಅವು 1982ರ ಜನವರಿಯವರೆಗೂ ಎಳೆದವು. ಉಳಿದಿರುವುದು ಆರು ಮಾತ್ರ. ಒಂದೊಂದರ ಒಡಲಲ್ಲೂ ನೇಪಿಯರ್ ಕಂಪನಿಯ, ತಲಾ 1,650 ಅಶ್ವಶಕ್ತಿಯ ಎರಡು ಡೀಸೆಲ್ ಎಂಜಿನ್‌ಗಳಿವೆ. ಪ್ರತಿ ಎಂಜಿನ್ನಿನಲ್ಲಿ 18 ಸಿಲಿಂಡರ್‌ಗಳು ತ್ರಿಕೋನಾಕಾರದಲ್ಲಿ ಜೋಡಣೆಯಾಗಿದ್ದು, ತ್ರಿಕೋನದ ಮೂರು ಮೂಲೆಗಳಲ್ಲಿ ಪಿಸ್ಟನ್‌ಗಳ ಚಲನೆಯನ್ನು ತಿರುಗುವಿಕೆಯಾಗಿಸುವ ಮೂರು ಕ್ರ್ಯಾಂಕ್‌ಶಾಫ್ಟ್‌ಗಳಿವೆ. ಒಂದೊಂದು ಸಿಲಿಂಡರಿನಲ್ಲೂ ಎರಡು ಪಿಸ್ಟನ್‌ಗಳು ಎದುರುಬದುರಾಗಿ ಚಲಿಸುತ್ತವೆ. ಹೀಗೆ ಒಂದೇ ಲೋಕೋಮೋಟಿವ್‌ನಲ್ಲಿ 72 ಪಿಸ್ಟನ್‌ಗಳು ಟು-ಸ್ಟ್ರೋಕ್ ಕ್ರಮದಲ್ಲಿ, ಅಂದರೆ ಪ್ರತಿ ಸುತ್ತಿಗೂ ಒಮ್ಮೆ ಇಂಧನ ಉರಿಯುವಂತೆ ದುಡಿಯುವಾಗ ಹೊರಡುವ ನಾದ ಬೇರೆ ಯಾವ ಎಂಜಿನ್ನಿನದನ್ನೂ ಹೋಲುವುದಿಲ್ಲ. ಬಡಿತ ಬಡಿತವಾಗಿ ಕೇಳಿಸದೆ, ದಟ್ಟವಾದ ಒಂದೇ ಎಳೆಯ ಶ್ರುತಿಯಾಗಿ ಅದು ಏರುತ್ತದೆ. ಬಹಳ ಹೊತ್ತು ನಿಂತಲ್ಲೇ ಚಾಲೂ ಇದ್ದ ಡೆಲ್ಟಿಕ್ ಹೊರಟಾಗ, ಹೊಗೆಕೊಳವೆಯ ಭಾಗದಲ್ಲಿ ಕೂಡಿದ್ದ ಎಣ್ಣೆ ಉರಿದು ನೀಲಿ ಹೊಗೆ ಪ್ಲಾಟ್‌ಫಾರ್ಮನ್ನೇ ಮುಚ್ಚುವುದುಂಟು. ಅದು ಕೆಟ್ಟಿದೆಯೆಂದು ಗಾಬರಿಪಡಬೇಕಾಗಿಲ್ಲ.

52ನೇ ವರ್ಗದ ‘ವೆಸ್ಟರ್ನ್’ ಇನ್ನೊಂದು ಬಗೆಯದು. 1961ರಿಂದ 1964ರವರೆಗೆ ಸ್ವಿಂಡನ್ ಮತ್ತು ಕ್ರೂ ಕಾರ್ಖಾನೆಗಳಲ್ಲಿ ತಯಾರಾದ ಈ 74 ಎಂಜಿನ್‌ಗಳಲ್ಲಿ ವಿದ್ಯುತ್ ಮೋಟಾರುಗಳ ಬದಲು ಎಣ್ಣೆಯ ಹರಿವಿನ ಮೂಲಕ ಚಕ್ರಗಳಿಗೆ ಶಕ್ತಿ ಮುಟ್ಟಿಸುವ ಹೈಡ್ರಾಲಿಕ್ ವ್ಯವಸ್ಥೆ ಇದೆ. ಉಳಿದ ಬ್ರಿಟಿಷ್ ಎಂಜಿನ್‌ಗಳಿಗಿಂತ ಭಿನ್ನವಾಗಿದ್ದುದೇ ಮುಳುವಾಗಿ, 1977ರ ಹೊತ್ತಿಗೆ ಎಲ್ಲವೂ ಸೇವೆಯಿಂದ ಹೊರಬಿದ್ದವು. ಅಷ್ಟು ಬೇಗ ನಿವೃತ್ತಿಯಾಗಿದ್ದು ಅನ್ಯಾಯವೆಂಬ ಅಭಿಪ್ರಾಯ ನನ್ನದು. ಉಳಿದ ಏಳರಲ್ಲಿ ಡಿ1062 ‘ವೆಸ್ಟರ್ನ್ ಕೊರಿಯರ್’ನ ಮನೆ ಸೆವರ್ನ್ ವ್ಯಾಲಿಯೇ. ಯುದ್ಧನೌಕೆಗಳ ಹೆಸರು ಹೊತ್ತ, 2,700 ಅಶ್ವಶಕ್ತಿಯ 50ನೇ ವರ್ಗದ ಎಂಜಿನ್‌ಗಳ ತಂಡವೂ ಇಲ್ಲಿನದೇ. ಇವು ಅತಿಥಿಗಳಲ್ಲ. ಹಾಗಾಗಿ ಮೊದಲ ಬಾರಿ ಬರುವವರು ಆತಿಥೇಯ ಎಂಜಿನ್‌ಗಳಿಗೂ ಒಂದಿಷ್ಟು ಹೊತ್ತು ಎತ್ತಿಡುವುದು ಒಳ್ಳೆಯದು. ಒಂದೇ ಕ್ಯಾಬ್ ಇರುವ, 1,000 ಅಶ್ವಶಕ್ತಿಯ 20ನೇ ವರ್ಗದವು ಬಂದರೆ ಸಾಮಾನ್ಯವಾಗಿ ಮೂತಿಗೆ ಮೂತಿ ಸೇರಿಸಿ ಜೋಡಿಯಾಗಿ ಓಡುವುದನ್ನು ನೋಡಬಹುದು.

ನಮ್ಮ ಕಡೆಯ ರೈಲುಪ್ರಿಯರ ಕಿವಿಗೆ ಅಲ್ಕೋ ವಿನ್ಯಾಸದ ಡಬ್ಲ್ಯುಡಿಎಂ-2ರ ಫೋರ್-ಸ್ಟ್ರೋಕ್ ಬಡಿತವೂ, ಬೆಂಗಳೂರಿನ ಕೃಷ್ಣರಾಜಪುರ ಶೆಡ್ಡಿನ ಡಬ್ಲ್ಯುಡಿಪಿ-4ರ ಟು-ಸ್ಟ್ರೋಕ್ ಮೊರೆತವೂ ಪರಿಚಿತ. ಈ ವ್ಯತ್ಯಾಸವನ್ನು ಗುರುತಿಸಬಲ್ಲವರು ಫೋರ್-ಸ್ಟ್ರೋಕ್‌ನ 50ನೇ ವರ್ಗಕ್ಕೂ ಟು-ಸ್ಟ್ರೋಕ್‌ನ ಡೆಲ್ಟಿಕ್‌ಗೂ ಇರುವ ಅಂತರವನ್ನು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲರು.

ಎರಡನೆಯ ಹೆಜ್ಜೆ: ಪಟ್ಟಿ ಏಕೆ ಬದಲಾಗುತ್ತದೆಂದು ಅರಿಯುವುದು

ಅತಿಥಿ ಎಂಜಿನ್ ಬರುವುದು ಎರಡು ದಾರಿಗಳಲ್ಲಿ. ರಾಷ್ಟ್ರೀಯ ಜಾಲದಲ್ಲಿ ಓಡುವ ಪರವಾನಗಿ ಇದ್ದರೆ, ಕಿಡರ್‌ಮಿನ್‌ಸ್ಟರ್‌ನಲ್ಲಿರುವ ಹಳಿ ಸಂಪರ್ಕದ ಮೂಲಕ ತನ್ನ ಚಕ್ರಗಳ ಮೇಲೆಯೇ ಬಂದು ಸೇರುತ್ತದೆ. ಇಲ್ಲವಾದರೆ ಸುಮಾರು ನೂರು ಟನ್ ತೂಕದ ಅದನ್ನು ಹಲವು ಅಚ್ಚುಗಳ ಟ್ರೈಲರಿನ ಮೇಲೇರಿಸಿ ರಸ್ತೆಯಲ್ಲಿ ತರಬೇಕು. ಬಂದ ಮೇಲೂ ಅದು ಓಡಲು ಯೋಗ್ಯವೇ ಎಂಬ ತಪಾಸಣೆ ಆಗಬೇಕು, ಆ ಬಗೆಯ ಎಂಜಿನ್ ಬಲ್ಲ ಚಾಲಕರು ಸಿಗಬೇಕು, ಎಂಜಿನ್ನಿನ ಬ್ರೇಕಿಗೂ ಬೋಗಿಗಳ ಬ್ರೇಕಿಗೂ ಹೊಂದಾಣಿಕೆ ಇರಬೇಕು. ಪಾರಂಪರಿಕ ಮಾರ್ಗಗಳ ಹಳೆಯ ಬೋಗಿಗಳಲ್ಲಿ ಹೆಚ್ಚಿನವು ಕೊಳವೆಯಿಂದ ಗಾಳಿ ಹೀರಿ ನಡೆಸುವ ನಿರ್ವಾತ ಬ್ರೇಕಿನವು. 56 ಮತ್ತು 58ನೇ ವರ್ಗದಂಥ ನಂತರದ ಎಂಜಿನ್‌ಗಳಲ್ಲಿರುವುದು ಒತ್ತಿದ ಗಾಳಿಯಿಂದ ನಡೆಯುವ ಏರ್ ಬ್ರೇಕ್ ಮಾತ್ರ. ಅಂಥವನ್ನು ಕರೆಸಿದರೆ ಅವುಗಳಿಗೆ ಹೊಂದುವ ಬೋಗಿಗಳನ್ನೂ ಸಿದ್ಧಪಡಿಸಿಕೊಳ್ಳಬೇಕಾಗುತ್ತದೆ. ಇಷ್ಟೆಲ್ಲ ಮುಗಿದ ಮೇಲೂ ಅರವತ್ತು ವರ್ಷದ ಯಂತ್ರವು ಶನಿವಾರ ಮಧ್ಯಾಹ್ನ ಕೈಕೊಡಬಹುದು. ಆದ ಕಾರಣ, ಯಾವ ಅತಿಥಿಗಾಗಿ ನೀವು ಬಂದಿದ್ದೀರೋ ಅದರ ಹಿಂದಿನ ಪ್ರಯಾಣವನ್ನು ಮೊದಲ ದಿನದ ಮೊದಲ ಅವಕಾಶದಲ್ಲೇ ಮಾಡಿ ಮುಗಿಸಿ. ಸಂಜೆಯ ಗಾಡಿಗೆಂದು ಕಾಯಬೇಡಿ.

ಮೂರನೆಯ ಹೆಜ್ಜೆ: ವೇಳಾಪಟ್ಟಿಯೊಂದಿಗೆ ಕೂರುವುದು

ದಿನವಿಡೀ ಎಷ್ಟು ಬಾರಿ ಬೇಕಾದರೂ ಹತ್ತಿ ಇಳಿಯಲು ಅವಕಾಶ ಕೊಡುವ ಟಿಕೆಟನ್ನೇ ಕೊಳ್ಳಿ. ಗಾಲಾದ ವೇಳಾಪಟ್ಟಿಯಲ್ಲಿ ಪ್ರತಿ ಗಾಡಿಯ ಎದುರು ಅದನ್ನು ಎಳೆಯುವ ಎಂಜಿನ್ನಿನ ಹೆಸರೂ ಇರುತ್ತದೆ. ಹಿಂದಿನ ರಾತ್ರಿ ಅದನ್ನು ಮುಂದಿಟ್ಟುಕೊಂಡು ನಿಮ್ಮದೇ ದಿನಚರಿಯನ್ನು ಬರೆದುಕೊಳ್ಳಿ. ಇದು ಒಂಟಿ ಹಳಿಯ ಮಾರ್ಗ. ಎದುರುಬದುರು ಬರುವ ಗಾಡಿಗಳು ಬ್ಯೂಡ್ಲಿ, ಆರ್ಲಿ, ಹ್ಯಾಂಪ್ಟನ್ ಲೋಡ್‌ನಂಥ ನಿಲ್ದಾಣಗಳಲ್ಲಿ ಮಾತ್ರ ಒಂದನ್ನೊಂದು ದಾಟಬಲ್ಲವು. ಅಲ್ಲಿ ಒಂದು ಗಾಡಿಯಿಂದ ಇಳಿದು, ಕೆಲವೇ ನಿಮಿಷಗಳಲ್ಲಿ ಎದುರಿನ ಗಾಡಿಯ ಎಂಜಿನ್ ಹಿಂದೆ ಹತ್ತಲು ಸಾಧ್ಯ. ಕಿಡರ್‌ಮಿನ್‌ಸ್ಟರ್‌ನಿಂದ ಬ್ರಿಜ್‌ನಾರ್ತ್‌ವರೆಗಿನ ಪೂರ್ತಿ ಪಯಣಕ್ಕೆ ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿಯುವುದರಿಂದ, ಹೀಗೆ ನಡುವೆ ಗಾಡಿ ಬದಲಿಸುವವರಿಗೆ ಒಂದೇ ದಿನದಲ್ಲಿ ಹೆಚ್ಚು ಎಂಜಿನ್‌ಗಳು ದಕ್ಕುತ್ತವೆ. ಆದರೆ ಒಂದು ಗಾಡಿ ತಡವಾದರೆ ಅದರ ಹಿಂದಿನವೆಲ್ಲವೂ ತಡವಾಗುತ್ತವೆ. ಮೂರು ನಿಮಿಷದ ಸಂಪರ್ಕಗಳನ್ನೇ ಒಂದರ ಮೇಲೊಂದು ಪೇರಿಸಿದ ದಿನಚರಿ ಮಧ್ಯಾಹ್ನದೊಳಗೆ ಕುಸಿಯುತ್ತದೆ. ಎರಡು ಬಿಗಿ ಸಂಪರ್ಕಗಳ ನಡುವೆ ಅರ್ಧ ಗಂಟೆಯ ಬಿಡುವನ್ನು ಇಟ್ಟುಕೊಳ್ಳಿ.

ಏರುಗಳನ್ನೂ ವೇಳಾಪಟ್ಟಿಯ ಮೇಲೆ ಗುರುತು ಹಾಕಿಕೊಳ್ಳಿ. ಹ್ಯಾಂಪ್ಟನ್ ಲೋಡ್ ಮತ್ತು ಬ್ರಿಜ್‌ನಾರ್ತ್ ನಡುವಿನ ಈಯರ್ಡಿಂಗ್ಟನ್ ಏರು ನೂರಕ್ಕೆ ಒಂದರಷ್ಟಿದೆ. ನಮಗೆ ಇದು ದೊಡ್ಡದೆನಿಸದಿದ್ದರೂ, ತುಂಬಿದ ಗಾಡಿಯನ್ನೆಳೆಯುವ ಎಂಜಿನ್ನಿಗೆ ಬಲ ಹಾಕಲು ಅಷ್ಟು ಸಾಕು. ಇನ್ನೊಂದು, ಬ್ಯೂಡ್ಲಿಯಿಂದ ಕಿಡರ್‌ಮಿನ್‌ಸ್ಟರ್ ಕಡೆಗೆ ನದಿಮಟ್ಟದಿಂದ ಮೇಲೇರಿ ಸುರಂಗ ಹೊಗುವ ಭಾಗ. ನಿಲ್ದಾಣದಿಂದ ಹೊರಟ ಕೂಡಲೇ ಏರು, ಅದರ ಮೇಲೆ ಸುರಂಗದ ಗೋಡೆಗಳ ಮಾರ್ದನಿ. ಇಡೀ ಮಾರ್ಗದಲ್ಲಿ ಒಂದೇ ತುಣುಕನ್ನು ಆರಿಸಿಕೊಳ್ಳಿ ಎಂದರೆ ಇದನ್ನೇ ಆರಿಸುತ್ತೇನೆ, ಅದೂ ಡೆಲ್ಟಿಕ್ ಅಥವಾ ವೆಸ್ಟರ್ನ್ ಹಿಂದೆ.

ನಾಲ್ಕನೆಯ ಹೆಜ್ಜೆ: ಎಲ್ಲಿ ಕೂರಬೇಕು, ಹೇಗೆ ಕೇಳಬೇಕು

ಎಂಜಿನ್ನಿಗೆ ತಾಗಿದ ಮೊದಲ ಬೋಗಿಯೇ ನಿಮ್ಮ ಗುರಿ. ಹಳಬರೆಲ್ಲರೂ ಅಲ್ಲಿಗೇ ಧಾವಿಸುವುದರಿಂದ ಗಾಡಿ ಹೊರಡುವುದಕ್ಕೆ ಬಹಳ ಮುಂಚೆಯೇ ಹೋಗಿ ಹತ್ತಿ. ತುದಿನಿಲ್ದಾಣಗಳಲ್ಲಿ ಎಂಜಿನ್ ಬಿಡಿಸಿಕೊಂಡು ಇನ್ನೊಂದು ತುದಿಗೆ ಬರುತ್ತದೆ, ಇಲ್ಲವೇ ಬೇರೊಂದು ಎಂಜಿನ್ ಗಾಡಿಯನ್ನು ವಹಿಸಿಕೊಳ್ಳುತ್ತದೆ. ಬಂದಾಗ ಮೊದಲನೆಯದಾಗಿದ್ದ ಬೋಗಿ ಹೊರಡುವಾಗ ಕೊನೆಯದಾಗಿರುತ್ತದೆ ಎಂಬುದನ್ನು ಮರೆಯಬೇಡಿ. ಈ ಬಿಡಿಸುವ, ಜೋಡಿಸುವ ಕೆಲಸವನ್ನು ಪ್ಲಾಟ್‌ಫಾರ್ಮಿನಿಂದ ನಿಂತು ನೋಡುವುದೂ ಸೊಗಸು. ಕೆಳಗಿಳಿದವರು ತಿರುಪಿನ ಕೊಂಡಿಯನ್ನು ಬಿಗಿದು, ಬ್ರೇಕಿನ ಕೊಳವೆಗಳನ್ನು ಸೇರಿಸಿ, ಬ್ರೇಕ್ ಪರೀಕ್ಷೆ ಮುಗಿದ ಮೇಲಷ್ಟೇ ಗಾಡಿಗೆ ಹೊರಡಲು ಅಪ್ಪಣೆ.

ಕಿಟಕಿಯ ಗಾಜು ಇಳಿಸಿದರೆ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ತಲೆ, ಕೈ, ಫೋನು ಯಾವುದನ್ನೂ ಹೊರಗೆ ಚಾಚಬಾರದು. ಸೇತುವೆಯ ಕಂಬಗಳೂ ಸಿಗ್ನಲ್‌ಗಳೂ ಬೋಗಿಗೆ ಬಹಳ ಹತ್ತಿರದಲ್ಲಿ ಹಾದುಹೋಗುತ್ತವೆ. ಬಾಗಿಲಲ್ಲಿ ನಿಂತು ಪಯಣಿಸಿ ಅಭ್ಯಾಸವಾದ ನಮ್ಮವರಿಗೆ ಇದನ್ನು ಒತ್ತಿ ಹೇಳಲೇಬೇಕು. ಧ್ವನಿಮುದ್ರಣ ಮಾಡುವವರು ಮೈಕಿಗೆ ಗಾಳಿತಡೆಯ ಹೊದಿಕೆ ಹಾಕಿ, ಅದನ್ನು ಕಿಟಕಿಯಿಂದ ತುಸು ಒಳಗೇ ಹಿಡಿಯಲಿ. ಚಿಕ್ಕ ಮಕ್ಕಳಿದ್ದರೆ ಕಿವಿಗೆ ರಕ್ಷಣೆ ಬೇಕು.

ಫೋಟೊ ತೆಗೆಯಲು ಒಂದು ಗಾಡಿಯನ್ನು ಬಿಟ್ಟುಕೊಟ್ಟು ಆರ್ಲಿಯಲ್ಲಿ ಇಳಿಯಿರಿ. ಸೆವರ್ನ್ ವೇ ಎಂಬ ಸಾರ್ವಜನಿಕ ಕಾಲುದಾರಿ ನದಿಯ ಗುಂಟ ಸಾಗುವುದರಿಂದ ವಿಕ್ಟೋರಿಯಾ ಸೇತುವೆಯನ್ನು ಕೆಳಗಿನಿಂದ ನೋಡಬಹುದು. ಬೇಲಿ ದಾಟಿ ಹಳಿಯ ಬದಿಗೆ ಹೋಗುವುದು ಅಪರಾಧ. ಚಾಲಕರ ಕಡೆಗೆ ಫ್ಲ್ಯಾಶ್ ಹಾಕಬೇಡಿ.

ಹೋಗುವ ದಾರಿ, ಊಟ

ಬರ್ಮಿಂಗ್‌ಹ್ಯಾಮ್‌ನ ಸ್ನೋ ಹಿಲ್ ಅಥವಾ ಮೂರ್ ಸ್ಟ್ರೀಟ್ ನಿಲ್ದಾಣದಿಂದ ಕಿಡರ್‌ಮಿನ್‌ಸ್ಟರ್‌ಗೆ ಸಾಮಾನ್ಯ ರೈಲಿದೆ. ಪಾರಂಪರಿಕ ಮಾರ್ಗದ ನಿಲ್ದಾಣ ಅದರ ಪಕ್ಕದಲ್ಲೇ ಇದೆ. ದಿನವಿಡೀ ಗಾಡಿ ಬದಲಿಸುವವರಿಗೆ ಕ್ಯಾಂಟೀನಿನ ಸಾಲಿನಲ್ಲಿ ನಿಲ್ಲಲು ಪುರಸೊತ್ತು ಸಿಗುವುದಿಲ್ಲ. ಚಿತ್ರಾನ್ನವನ್ನೋ ಚಪಾತಿ ಪಲ್ಯವನ್ನೋ ಕಟ್ಟಿಕೊಂಡು ಹೋದರೆ ಸಸ್ಯಾಹಾರಿಗಳಿಗೆ ಅನುಕೂಲ. ಮೇ ತಿಂಗಳಾದರೂ ಒಂದು ಸ್ವೆಟರು, ಮಳೆ ಕೋಟು ಇರಲಿ.

ಕೊನೆಯ ಹೆಜ್ಜೆ: ಎಂಜಿನ್ ಉಳಿಸಿದವರನ್ನು ಮಾತನಾಡಿಸುವುದು

ಈ ಎಂಜಿನ್‌ಗಳಲ್ಲಿ ಬಹಳಷ್ಟು ಇಂದು ಓಡುತ್ತಿರುವುದು ಸದಸ್ಯರ ಹಣ ಮತ್ತು ಸ್ವಯಂಸೇವಕರ ದುಡಿಮೆಯಿಂದ. ಆರು ಡೆಲ್ಟಿಕ್‌ಗಳಲ್ಲಿ ಮೂರನ್ನು ಡೆಲ್ಟಿಕ್ ಸಂರಕ್ಷಣಾ ಸಂಘವೊಂದೇ ಡರ್ಬಿಶೈರಿನ ಬ್ಯಾರೋ ಹಿಲ್‌ನಲ್ಲಿ ಇಟ್ಟುಕೊಂಡು ಸಾಕುತ್ತಿದೆ. ಗಾಲಾದಲ್ಲಿ ಇಂಥ ಸಂಘಗಳು ನಿಲ್ದಾಣದಲ್ಲಿ ಮೇಜು ಹಾಕಿ ಪುಸ್ತಕ, ಬ್ಯಾಡ್ಜು, ಹಳೆಯ ಬಿಡಿಭಾಗಗಳನ್ನು ಮಾರುತ್ತವೆ. ಅಲ್ಲಿ ಖರ್ಚು ಮಾಡಿದ ಹಣ ಎಂಜಿನ್ನಿನ ಮುಂದಿನ ದುರಸ್ತಿಗೆ ಹೋಗುತ್ತದೆ. ಎಂಜಿನ್ ತಂಗಿರುವ ಹೊತ್ತಿನಲ್ಲಿ ವಿನಯದಿಂದ ಕೇಳಿದರೆ ಕ್ಯಾಬ್ ತೋರಿಸುವವರೂ, ನೇಪಿಯರ್ ಎಂಜಿನ್ನಿನ ಒಳಗನ್ನು ಚಿತ್ರ ಬರೆದು ವಿವರಿಸುವವರೂ ಸಿಗುತ್ತಾರೆ. ನಿಮಗೆ ಹಿಡಿಸಿದ ಎಂಜಿನ್ ಮುಂದೆ ಯಾವ ಮಾರ್ಗದ ಗಾಲಾಕ್ಕೆ ಅತಿಥಿಯಾಗಿ ಹೋಗುತ್ತದೆ ಎಂಬುದನ್ನೂ ಅವರಲ್ಲೇ ವಿಚಾರಿಸಿ, ದಿನಾಂಕವನ್ನು ಗುರುತು ಹಾಕಿಕೊಳ್ಳಿ.